ಗುಳಿಗೆ ಬಿಟ್ಟ ನಾಲ್ಕನೇ ದಿನಕ್ಕೆ ಫಿಟ್ಸ್ ಯಾಕೆ ಬಂತು?

ಪ್ರಶ್ನೆ: ನಮ್ಮದು ಗದಗ ಜಿಲ್ಲೆ ರೋಣ ತಾಲ್ಲೂಕಿನ ಒಂದು ಹಳ್ಳಿ. ನನ್ನ ತಮ್ಮನಿಗೆ 20 ವರ್ಷ. 17ನೇ ವಯಸ್ಸಿಗೆ ಫಿಟ್ಸ್ ಶುರುವಾಯಿತು. ಮೊದಲು ಫೆನಿಟಾಯಿನ್ ಕೊಟ್ಟರು, ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಆಮೇಲೆ ಹುಬ್ಬಳ್ಳಿಯಲ್ಲಿ ತೋರಿಸಿದಾಗ ಲೆವೆಟಿರಾಸಿಟಾಮ್ 500 ಮಿಲಿಗ್ರಾಂ ಬೆಳಿಗ್ಗೆ ಒಂದು, ರಾತ್ರಿ ಒಂದು ಬರೆದುಕೊಟ್ಟರು. ಎಂಟು ತಿಂಗಳು ಒಮ್ಮೆಯೂ ಬರಲಿಲ್ಲ. “ಆರಾಮ ಆಗೇನಿ, ಇನ್ನ ಯಾಕ ಗುಳಿಗಿ?” ಎಂದು ಅವನೇ ಬಿಟ್ಟ. ನಾಲ್ಕನೇ ದಿನ, ರಾತ್ರಿಯೆಲ್ಲ ಹೊಲಕ್ಕೆ ನೀರು ಹಾಯಿಸಿ ಬಂದು ಸ್ವಲ್ಪ ಹೊತ್ತು ಮಲಗಿ ಎದ್ದವನಿಗೆ ಜೋರಾಗಿ ಬಂತು. ಗುಳಿಗೆ ತೆಗೆದುಕೊಳ್ಳುವಾಗ ಸಣ್ಣ ಮಾತಿಗೂ ಸಿಟ್ಟಿಗೇಳುತ್ತಿದ್ದ. ಮುಂಜಾನೆ ಎದ್ದ ಹೊಸದರಲ್ಲಿ ಕೈಯೊಳಗಿನ ಚಹಾದ ಕಪ್ಪು ಆಗಾಗ ಬೀಳುತ್ತದೆ, ನಿಶ್ಶಕ್ತಿ ಇರಬೇಕು. ಈ ಗುಳಿಗೆ ಒಳಗೆ ಹೋಗಿ ಮಾಡುವುದೇನು? ರೋಗದ ಬೇರನ್ನೇ ಯಾಕೆ ಕೀಳುವುದಿಲ್ಲ? ವರ್ಷಗಟ್ಟಲೆ ನುಂಗಿದರೆ ಮಿದುಳು ಮಂದವಾಗುತ್ತದೆಯೇ? ನಮ್ಮ ಕಾಕಾನ ಮಗಳಿಗೂ ಇದೇ ಬೇನೆ. ಆಕೆಗೆ ಸೋಡಿಯಂ ವಾಲ್ಪ್ರೋಯೇಟ್ ಒಂದರಲ್ಲೇ ನಿಂತಿದೆ. ಅದನ್ನೇ ಇವನಿಗೂ ಕೊಡಬಹುದೇ? ಆಕೆಯ ಲಗ್ನ ಗೊತ್ತಾಗಿದೆ, ಲಗ್ನದ ನಂತರ ಗುಳಿಗೆ ಬಿಡಬೇಕೇ?

ಉತ್ತರ: ನಿಮ್ಮ ತಮ್ಮ ಮತ್ತೆ ಗುಳಿಗೆ ಶುರು ಮಾಡಿದ್ದಾನೋ ಇಲ್ಲವೋ ನೀವು ಬರೆದಿಲ್ಲ. ಮಾಡಿಲ್ಲವೆಂದರೆ ಮುಂದಿನದನ್ನು ಓದುವ ಮೊದಲು ಅವನನ್ನು ನೋಡುತ್ತಿರುವ ವೈದ್ಯರಿಗೆ ಫೋನ್ ಹಚ್ಚಿ, ಎಷ್ಟು ಪ್ರಮಾಣದಿಂದ ಆರಂಭಿಸಬೇಕೆಂದು ಕೇಳಿ ಇವತ್ತೇ ಶುರು ಮಾಡಿಸಿ. ಲೆವೆಟಿರಾಸಿಟಾಮ್ ಅನ್ನು ಮತ್ತೆ ಆರಂಭಿಸುವುದು ಕಷ್ಟದ ಕೆಲಸವೇನಲ್ಲ. ಆದರೆ ಎಲ್ಲ ಗುಳಿಗೆಗಳೂ ಹೀಗಿರುವುದಿಲ್ಲ. ಲ್ಯಾಮೋಟ್ರಿಜಿನ್ ಅನ್ನು ಕೆಲವು ದಿನ ಬಿಟ್ಟವರು ಹಳೆಯ ಪ್ರಮಾಣಕ್ಕೆ ನೇರವಾಗಿ ಮರಳಿದರೆ ಚರ್ಮ ಸುಟ್ಟಂತೆ ಸುಲಿಯುವ ಅಪಾಯಕಾರಿ ಅಲರ್ಜಿ ಆಗಬಹುದು. ಅದಕ್ಕೇ ಕೇಳಿ ಶುರು ಮಾಡಿ ಎನ್ನುತ್ತಿದ್ದೇನೆ.

ನಾಲ್ಕನೇ ದಿನವೇ ಯಾಕೆ ಎಂಬುದಕ್ಕೆ ಉತ್ತರ ಸರಳವಾಗಿದೆ. ಆರೋಗ್ಯವಂತ ವಯಸ್ಕರ ರಕ್ತದಲ್ಲಿ ಲೆವೆಟಿರಾಸಿಟಾಮ್ 6ರಿಂದ 8 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತ ಹೋಗುತ್ತದೆ. ಬಹುಪಾಲು ಮೂತ್ರದಲ್ಲಿ ಹೊರಬೀಳುತ್ತದೆ. ದಿನಕ್ಕೆ ಎರಡು ಸಲ ಎಂದು ಬರೆಯುವುದು ಇದಕ್ಕಾಗಿಯೇ. ಕೊನೆಯ ಗುಳಿಗೆ ನುಂಗಿ ಎರಡು ದಿನವಾಯಿತೆಂದರೆ ಮೈಯಲ್ಲಿ ಔಷಧ ಹೆಚ್ಚುಕಡಿಮೆ ಉಳಿದಿರುವುದಿಲ್ಲ. ಅಂದರೆ ಮೂರನೇ ದಿನದಿಂದ ಅವನ ಮಿದುಳು ಔಷಧವಿಲ್ಲದೆ ಇತ್ತು. ಅದರ ಮೇಲೆ ಒಂದು ಇಡೀ ರಾತ್ರಿಯ ನಿದ್ದೆಗೇಡು ಬಂದು ಸೇರಿತು. ಹಿಂದಿನ ಎಂಟು ತಿಂಗಳು ಫಿಟ್ಸ್ ಬಾರದೆ ಇದ್ದದ್ದು ಬೇನೆ ಹೋಗಿದ್ದರಿಂದ ಎಂದು ಅವನು ಎಣಿಸಿದ. ದಿನಾ ಎರಡು ಸಲ ನುಂಗಿದ ಗುಳಿಗೆ ಅದನ್ನು ದಿನಾ ತಡೆದು ಹಿಡಿದಿತ್ತು. ನನ್ನ ಹತ್ತಿರ ಬರುವ ಕುಟುಂಬಗಳಿಗೆ ಬೇರೆಲ್ಲಕ್ಕಿಂತ ಹೆಚ್ಚು ಸಲ ಹೇಳುವ ಮಾತು ಇದೇ. ಜ್ವರದ ಗುಳಿಗೆಯನ್ನು ಜ್ವರ ಇಳಿದ ಮೇಲೆ ಬಿಡುವ ಅಭ್ಯಾಸ ನಮ್ಮದು. ಫಿಟ್ಸಿನ ಗುಳಿಗೆಗೆ ಆ ಲೆಕ್ಕ ಸಲ್ಲುವುದಿಲ್ಲ.

ಒಳಗೆ ಹೋಗಿ ಅದು ಮಾಡುವುದೇನು ಎಂದು ಕೇಳಿದ್ದೀರಿ. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದು ತಿಳಿದರೆ ಗುಳಿಗೆ ಬಿಡಲು ಮನಸ್ಸಾಗುವುದಿಲ್ಲ.

ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವು ಒಂದಕ್ಕೊಂದು ಮಾತಾಡುವುದು ವಿದ್ಯುತ್ತಿನಿಂದ ಮತ್ತು ರಾಸಾಯನಿಕಗಳಿಂದ. ಒಂದು ನರಕೋಶದ ಗೋಡೆಯಲ್ಲಿ ಸೋಡಿಯಂ ಒಳನುಗ್ಗುವ ಬಹಳ ಚಿಕ್ಕ ದಾರಿಗಳಿರುತ್ತವೆ, ಅವನ್ನು ಸೋಡಿಯಂ ಚಾನೆಲ್ ಎನ್ನುತ್ತೇವೆ. ದಾರಿ ತೆರೆದಾಗ ಸೋಡಿಯಂ ಒಳಗೆ ಹೋಗಿ ವಿದ್ಯುತ್ ಅಲೆ ಏಳುತ್ತದೆ. ಅಲೆ ಆ ಕೋಶದ ತಂತಿಯಂಥ ಎಳೆಯ ತುದಿ ಮುಟ್ಟಿದಾಗ ಅಲ್ಲಿಂದ ರಾಸಾಯನಿಕ ಬಿಡುಗಡೆಯಾಗಿ ಪಕ್ಕದ ಕೋಶಕ್ಕೆ ಸುದ್ದಿ ಮುಟ್ಟುತ್ತದೆ. ಗ್ಲುಟಮೇಟ್ ಎಂಬ ರಾಸಾಯನಿಕ ಪಕ್ಕದ ಕೋಶವನ್ನು ಕೆರಳಿಸುತ್ತದೆ, ಗಾಬಾ ಎಂಬುದು ತಣಿಸುತ್ತದೆ. ಇವೆರಡರ ನಡುವಿನ ಸಮತೋಲ ತಪ್ಪಿ ಲಕ್ಷಾಂತರ ಕೋಶಗಳು ಒಂದೇ ತಾಳಕ್ಕೆ ಬಿದ್ದು ಅತಿವೇಗದಲ್ಲಿ ಮಿಡಿಯತೊಡಗಿದಾಗ ಆಗುವುದೇ ಫಿಟ್ಸ್. ಮಿದುಳಿನ ಒಂದು ಮೂಲೆಯಲ್ಲಷ್ಟೇ ಆದರೆ ಒಂದು ಕೈ ಜಗ್ಗಬಹುದು, ಅಥವಾ ಮನುಷ್ಯ ಎರಡು ನಿಮಿಷ ದಿಟ್ಟಿಸುತ್ತ ಕೂತುಬಿಡಬಹುದು. ಎರಡೂ ಬದಿಗೆ ಹರಡಿದರೆ ಪ್ರಜ್ಞೆ ತಪ್ಪಿ ಮೈ ಸೆಟೆದು ಒದ್ದಾಡುತ್ತದೆ.

ಈಗ ಫೆನಿಟಾಯಿನ್ ವಿಚಾರಕ್ಕೆ ಬರೋಣ. ಸೋಡಿಯಂ ಚಾನೆಲ್ ಒಮ್ಮೆ ತೆರೆದು ಮುಚ್ಚಿದ ಮೇಲೆ ಕೆಲವು ಸಾವಿರಾಂಶ ಸೆಕೆಂಡುಗಳ ಕಾಲ ಮತ್ತೆ ತೆರೆಯಲು ಬರುವುದಿಲ್ಲ. ನಿಮ್ಮ ಹೊಲದ ಪಂಪ್‌ಸೆಟ್ಟಿಗೆ ಟೈಮರ್ ಇರುವ ಸ್ಟಾರ್ಟರ್ ಇದ್ದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕರೆಂಟು ಹೋಗಿ ಬಂದರೆ ಮೋಟಾರು ತಕ್ಷಣ ಎತ್ತುವುದಿಲ್ಲ, ಟೈಮರ್ ತನ್ನ ಸಮಯ ಮುಗಿಸಿದ ಮೇಲೆಯೇ ಎತ್ತುತ್ತದೆ. ಫೆನಿಟಾಯಿನ್ ಮಾಡುವುದು ಆ ಟೈಮರನ್ನು ಇನ್ನಷ್ಟು ಉದ್ದ ಮಾಡುವ ಕೆಲಸ. ದಿನಕ್ಕೊಮ್ಮೆ ಮೋಟಾರು ಹಚ್ಚುವವನಿಗೆ ಇದರಿಂದ ಏನೂ ತೊಂದರೆಯಿಲ್ಲ, ಅವನಿಗೆ ಗೊತ್ತೂ ಆಗುವುದಿಲ್ಲ. ಆದರೆ ಯಾರೋ ಹುಚ್ಚು ಹಿಡಿದವರಂತೆ ಮೇಲಿಂದ ಮೇಲೆ ಗುಂಡಿ ಒತ್ತುತ್ತಿದ್ದರೆ ಹತ್ತರಲ್ಲಿ ಒಂಬತ್ತು ಸಲ ಮೋಟಾರು ಎತ್ತುವುದೇ ಇಲ್ಲ. ಹಾಗೆಯೇ, ನಿಧಾನವಾಗಿ ತನ್ನ ಕೆಲಸ ಮಾಡುತ್ತಿರುವ ನರಕೋಶಕ್ಕೆ ಔಷಧ ಅಡ್ಡಬರುವುದು ಬಹಳ ಕಡಿಮೆ. ಫಿಟ್ಸಿನ ಹೊತ್ತಿನಲ್ಲಿ ಸೆಕೆಂಡಿಗೆ ನೂರಾರು ಸಲ ಮಿಡಿಯಲು ಹೊರಟ ಕೋಶವನ್ನೇ ಅದು ಹಿಡಿದು ನಿಲ್ಲಿಸುತ್ತದೆ. ಕಾರ್ಬಮಜೆಪಿನ್, ಆಕ್ಸ್‌ಕಾರ್ಬಜೆಪಿನ್, ಲ್ಯಾಮೋಟ್ರಿಜಿನ್, ಲ್ಯಾಕೋಸಮೈಡ್ ಇವೆಲ್ಲ ಮುಖ್ಯವಾಗಿ ಇದೇ ದಾರಿಯಲ್ಲಿ ಕೆಲಸ ಮಾಡುತ್ತವೆ.

ನನಗೆ ಇದು ವೈದ್ಯವಿಜ್ಞಾನದ ಬಹಳ ಸುಂದರವಾದ ಸಂಗತಿಗಳಲ್ಲಿ ಒಂದು ಅನಿಸುತ್ತದೆ. ರೋಗ ತೋರುವ ಅತಿರೇಕವನ್ನಷ್ಟೇ ಹಿಡಿದು ಉಳಿದದ್ದನ್ನು ಬಹುಮಟ್ಟಿಗೆ ಬಿಟ್ಟುಬಿಡುವ ಔಷಧ ಸಿಗುವುದು ಸುಲಭವಲ್ಲ. ಮಿದುಳು ಮಂದವಾಗುತ್ತದೆಯೇ ಎಂಬ ನಿಮ್ಮ ಭಯಕ್ಕೂ ಇದಕ್ಕೂ ನೇರ ಸಂಬಂಧವಿದೆ. ಆ ಭಯ ಹಳೆಯ ಕಾಲದ ಔಷಧಗಳಿಂದ ಬಂದದ್ದು. 1857ರಲ್ಲಿ ಲಂಡನ್ನಿನ ಚಾರ್ಲ್ಸ್ ಲೋಕಾಕ್ ಎಂಬ ವೈದ್ಯರು ಪೊಟ್ಯಾಸಿಯಂ ಬ್ರೋಮೈಡಿನಿಂದ ಫಿಟ್ಸ್ ಕಡಿಮೆಯಾಗುತ್ತದೆಂದು ಹೇಳಿದರು. ಅದು ಕೆಲಸ ಮಾಡುತ್ತಿತ್ತು, ಆದರೆ ರೋಗಿಗಳು ಮಂಕಾಗಿ ಕೂತಿರುತ್ತಿದ್ದರು. 1912ರಲ್ಲಿ ಜರ್ಮನಿಯ ಆಲ್ಫ್ರೆಡ್ ಹಾಪ್ಟ್‌ಮನ್ ನಿದ್ದೆಗೆಂದು ಕೊಟ್ಟ ಫಿನೋಬಾರ್ಬಿಟಾಲ್‌ನಿಂದ ಫಿಟ್ಸ್ ಇಳಿದದ್ದನ್ನು ಗಮನಿಸಿದರು. ಅದೂ ನಿದ್ದೆ ತರಿಸುವ ಔಷಧವೇ. ಹೀಗಾಗಿ ಮಂಪರು ಬರಿಸದೆ ಫಿಟ್ಸ್ ನಿಲ್ಲಿಸಲಾಗದು ಎಂಬ ನಂಬಿಕೆ ಬೇರೂರಿತ್ತು. 1938ರಲ್ಲಿ ಅಮೆರಿಕದ ಮೆರಿಟ್ ಮತ್ತು ಪಟ್ನಮ್ ಇಬ್ಬರೂ ಫೆನಿಟಾಯಿನ್ ಮೂಲಕ ಆ ನಂಬಿಕೆಯನ್ನು ಒಡೆದರು. ಮಂಪರು ಬೇರೆ, ಫಿಟ್ಸ್ ತಡೆಯುವುದು ಬೇರೆ ಎಂದು ಆಗ ಖಚಿತವಾಯಿತು.

ಹಾಗಂತ ಇಂದಿನ ಗುಳಿಗೆಗಳಿಂದ ಏನೂ ಆಗುವುದಿಲ್ಲ ಎಂದು ಹೇಳಲಾರೆ. ಪ್ರಮಾಣ ಹೆಚ್ಚಾದರೆ, ಮೂರ್ನಾಲ್ಕು ಬಗೆಯನ್ನು ಒಟ್ಟಿಗೆ ಕೊಟ್ಟರೆ ಮಂಕು ಕವಿಯುತ್ತದೆ. ಫಿನೋಬಾರ್ಬಿಟಾಲ್ ಮಕ್ಕಳ ಓದಿಗೆ, ಸ್ವಭಾವಕ್ಕೆ ತೊಡಕಾಗಬಹುದು. ಟೋಪಿರಮೇಟ್ ಕೆಲವರಿಗೆ ಮಾತಿನ ನಡುವೆ ಬೇಕಾದ ಪದವೇ ಸಿಗದಂತೆ ಮಾಡುತ್ತದೆ. ಇವೆಲ್ಲ ಪ್ರಮಾಣ ಇಳಿಸಿದಾಗ, ಗುಳಿಗೆ ಬದಲಿಸಿದಾಗ ಸಾಮಾನ್ಯವಾಗಿ ಸರಿಹೋಗುವಂಥವು. ಪದೇಪದೇ ಬರುವ ದೊಡ್ಡ ಫಿಟ್ಸ್ ಮಿದುಳಿಗೆ ಮಾಡುವ ಹಾನಿ ಮಾತ್ರ ಹಾಗೆ ಸರಿಹೋಗುವುದಿಲ್ಲ. ಗುಳಿಗೆ ನುಂಗಿ ಮಗ ದಡ್ಡನಾದ ಎನ್ನುವ ತಂದೆತಾಯಿಯ ಹತ್ತಿರ ಕೂತು ವಿಚಾರಿಸಿದರೆ, ನಡುನಡುವೆ ಗುಳಿಗೆ ತಪ್ಪಿಸಿ ವರ್ಷಕ್ಕೆ ಹತ್ತಾರು ಸಲ ಫಿಟ್ಸ್ ಬಂದ ಕಥೆ ಎಷ್ಟೋ ಸಲ ಹೊರಬರುತ್ತದೆ.

ಎರಡನೆಯ ದಾರಿ ಗಾಬಾದ್ದು. ಫಿನೋಬಾರ್ಬಿಟಾಲ್, ಕ್ಲೋಬಜಾಮ್, ಕ್ಲೋನಜೆಪಾಮ್ ಇವು ಗಾಬಾದ ತಣಿಸುವ ಶಕ್ತಿಯನ್ನು ಹೆಚ್ಚಿಸುತ್ತವೆ. ಫಿಟ್ಸ್ ನಡೆಯುತ್ತಿರುವಾಗಲೇ ಮೂಗಿಗೆ ಹೊಡೆಯುವ ಮಿಡಜೋಲಾಮ್ ಸ್ಪ್ರೇ ಕೂಡ ಇದೇ ಗುಂಪಿನದು, ಬೇಗ ಮಿದುಳು ಮುಟ್ಟುತ್ತದೆ. ಈ ಗುಂಪಿನ ಗುಳಿಗೆಗಳಿಗೆ ಮಿದುಳು ಒಗ್ಗಿಕೊಂಡಿರುತ್ತದೆ. ಹಾಗಾಗಿ ಒಮ್ಮೆಲೆ ನಿಲ್ಲಿಸಿದರೆ ಮೊದಲಿಗಿಂತ ಜೋರಾಗಿ, ಒಂದರ ಹಿಂದೊಂದು ಫಿಟ್ಸ್ ಬರುವ ಅಪಾಯವಿದೆ. ಮಕ್ಕಳಲ್ಲಿ ಕೆಲವು ಸೆಕೆಂಡು ಕಣ್ಣು ನೆಟ್ಟು ನಿಂತುಬಿಡುವ ಬಗೆಯ ಫಿಟ್ಸಿಗೆ ಕೊಡುವ ಇಥೋಸಕ್ಸಿಮೈಡ್ ಒಂದು ಬಗೆಯ ಕ್ಯಾಲ್ಸಿಯಂ ಚಾನೆಲನ್ನು ತಡೆಯುತ್ತದೆ. ಪೆರಾಂಪನೆಲ್ ಗ್ಲುಟಮೇಟಿನ ಸುದ್ದಿ ಮುಟ್ಟುವ ಕಡೆಯೇ ಅಡ್ಡ ನಿಲ್ಲುತ್ತದೆ. ನಿಮ್ಮ ಮನೆಗೆ ಇವೆರಡರ ಅಗತ್ಯ ಈಗ ಇಲ್ಲ.

ನಿಮ್ಮ ತಮ್ಮನ ಲೆವೆಟಿರಾಸಿಟಾಮ್ ದಾರಿಯೇ ಬೇರೆ. ನರಕೋಶದ ತುದಿಯಲ್ಲಿ ಸುದ್ದಿ ಒಯ್ಯುವ ರಾಸಾಯನಿಕಗಳು ಪುಟ್ಟ ಚೀಲಗಳಲ್ಲಿ ತುಂಬಿ ಕಾದಿರುತ್ತವೆ. ಆ ಚೀಲದ ಮೇಲಿರುವ ಎಸ್‌ವಿ2ಎ ಎಂಬ ಪ್ರೋಟೀನಿಗೆ ಈ ಔಷಧ ಅಂಟಿಕೊಂಡು, ಅತಿವೇಗದ ಮಿಡಿತದ ಹೊತ್ತಿನಲ್ಲಿ ರಾಸಾಯನಿಕ ಹೊರಬೀಳುವುದನ್ನು ತಗ್ಗಿಸುತ್ತದೆ. ಹೊಸ ಔಷಧ ಫಿಟ್ಸ್ ತಡೆಯುತ್ತದೋ ಇಲ್ಲವೋ ಎಂದು ಇಲಿಗಳ ಮೇಲೆ ನೋಡುವ ಹಳೆಯ ಎರಡು ಪರೀಕ್ಷೆಗಳಲ್ಲೂ ಇದು ನಪಾಸಾಗಿತ್ತು. ಬೇರೆ ಬಗೆಯ ಪರೀಕ್ಷೆಗೆ ಹಚ್ಚಿದ್ದರಿಂದ ಉಳಿದುಕೊಂಡು 1999ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಅದು ಅಂಟಿಕೊಳ್ಳುವ ಜಾಗ ಯಾವುದೆಂದು ತಿಳಿದದ್ದು 2004ರಲ್ಲಿ. ಅಷ್ಟರೊಳಗೆ ಎಷ್ಟೋ ಜನರಿಗೆ ಅದರಿಂದ ಫಿಟ್ಸ್ ನಿಂತಿತ್ತು.

ಈಗ, ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋದ ಚಹಾದ ಕಪ್ಪಿನ ಮಾತು. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಅದು. ಹದಿಹರೆಯದಲ್ಲಿ ಶುರುವಾದ ಫಿಟ್ಸ್, ಮುಂಜಾನೆ ಎದ್ದ ಹೊಸದರಲ್ಲಿ ಕೈ ತಟ್ಟನೆ ಜಗ್ಗಿ ಹಿಡಿದದ್ದು ಬೀಳುವುದು, ನಿದ್ದೆಗೆಟ್ಟ ಮರುದಿನ ಎದ್ದ ಮೇಲೆ ದೊಡ್ಡ ಫಿಟ್ಸ್ ಬರುವುದು, ಇವು ಮೂರೂ ಸೇರಿದರೆ ಜುವೆನೈಲ್ ಮಯೋಕ್ಲೋನಿಕ್ ಎಪಿಲೆಪ್ಸಿ ಎಂಬ ಬಗೆ ಇರಬಹುದೆಂದು ಯೋಚಿಸಲೇಬೇಕಾಗುತ್ತದೆ. ಪತ್ರ ನೋಡಿ ರೋಗ ಹೆಸರಿಸುವುದು ಸರಿಯಲ್ಲ, ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ ನೋಡಬೇಕು, ಅವನನ್ನು ಪರೀಕ್ಷಿಸಬೇಕು. ಆದರೆ ಈ ಕಪ್ಪು ಬೀಳುವ ಸಂಗತಿಯನ್ನು ಅವನ ವೈದ್ಯರಿಗೆ ನೀವು ಹೇಳಿದ್ದೀರಾ? ಹೆಚ್ಚಿನವರು ಹೇಳುವುದಿಲ್ಲ, ಯಾಕೆಂದರೆ ಅದು ಫಿಟ್ಸ್ ಎಂದು ಮನೆಯವರಿಗೆ ಅನಿಸುವುದೇ ಇಲ್ಲ. ಅವನಿಗೆ ಆಗ ಪ್ರಜ್ಞೆ ಇರುತ್ತದೆ, ನಿಮ್ಮ ಜೊತೆ ಮಾತಾಡುತ್ತಲೇ ಇರುತ್ತಾನೆ. ಆದರೂ ಆ ಜಗ್ಗುವಿಕೆಯೇ ಒಂದು ಚಿಕ್ಕ ಫಿಟ್ಸ್.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಈ ಬಗೆಯಲ್ಲಿ ಫೆನಿಟಾಯಿನ್, ಕಾರ್ಬಮಜೆಪಿನ್‌ನಂಥ ಸೋಡಿಯಂ ದಾರಿಯ ಔಷಧಗಳು ಅಷ್ಟಾಗಿ ಹಿಡಿಯುವುದಿಲ್ಲ. ದೊಡ್ಡ ಫಿಟ್ಸ್ ಕಡಿಮೆಯಾದಂತೆ ಕಂಡರೂ ಮುಂಜಾನೆಯ ಜಗ್ಗುವಿಕೆ ಕೆಲವರಲ್ಲಿ ಹೆಚ್ಚುತ್ತದೆ. ಮೊದಲ ಗುಳಿಗೆಯಲ್ಲಿ ನಿಮ್ಮ ತಮ್ಮನಿಗೆ ಪೂರ್ತಿ ನಿಲ್ಲದೆ ಇದ್ದದ್ದಕ್ಕೆ ಇದೂ ಕಾರಣವಿರಬಹುದು. ವಾಲ್ಪ್ರೋಯೇಟ್, ಲೆವೆಟಿರಾಸಿಟಾಮ್ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಎಲ್ಲರಿಗೂ ಒಂದೇ ಗುಳಿಗೆ ಯಾಕಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಕೊಡಲಾರೆ. ಹೊರಗೆ ನೋಡುವವರಿಗೆ ಬಿದ್ದು ಒದ್ದಾಡುವುದೊಂದೇ ಕಾಣುತ್ತದೆ. ಒಳಗೆ ಅದು ಎಲ್ಲಿ ಶುರುವಾಗಿ ಹೇಗೆ ಹರಡುತ್ತದೆ ಎಂಬುದರ ಮೇಲೆ ಗುಳಿಗೆಯ ಆಯ್ಕೆ ನಿಂತಿದೆ.

ಹಾಗಾದರೆ ಕಾಕಾನ ಮಗಳ ವಾಲ್ಪ್ರೋಯೇಟ್ ಇವನಿಗೆ ಕೊಡಬಹುದಲ್ಲ ಎಂದು ನೀವು ಕೇಳಬಹುದು. ಆಕೆಯ ಡಬ್ಬಿಯಿಂದ ತೆಗೆದು ಕೊಡಬೇಡಿ. ವೈದ್ಯರು ಅವನಿಗೆಂದೇ ಬರೆದುಕೊಡಬಹುದು, ಅದು ಬೇರೆ ಮಾತು. ವಾಲ್ಪ್ರೋಯೇಟ್ ಶುರು ಮಾಡುವ ಮೊದಲು ಯಕೃತ್ತಿನ ಪರೀಕ್ಷೆ ನೋಡುತ್ತಾರೆ, ತೂಕಕ್ಕೆ ತಕ್ಕ ಪ್ರಮಾಣ ಲೆಕ್ಕ ಹಾಕುತ್ತಾರೆ. ತೂಕ ಹೆಚ್ಚಬಹುದು, ಕೂದಲು ಉದುರಬಹುದು, ಕೈ ನಡುಗಬಹುದು. ಈ ಔಷಧ ಸೋಡಿಯಂ, ಗಾಬಾ ಹೀಗೆ ಹಲವು ದಾರಿಗಳಲ್ಲಿ ಒಟ್ಟಿಗೆ ಕೆಲಸ ಮಾಡುವುದರಿಂದಲೇ ಹಲವು ಬಗೆಯ ಫಿಟ್ಸಿಗೆ ಒಗ್ಗುತ್ತದೆ. ಅಂದ ಹಾಗೆ ಇದನ್ನು ಫ್ರಾನ್ಸಿನ ಪ್ರಯೋಗಶಾಲೆಯಲ್ಲಿ 1960ರ ದಶಕದ ಆರಂಭದಲ್ಲಿ ಬೇರೆ ರಾಸಾಯನಿಕಗಳನ್ನು ಕರಗಿಸಲಷ್ಟೇ ಬಳಸುತ್ತಿದ್ದರು. ಕರಗಿಸಿದ ಯಾವುದೇ ವಸ್ತುವೂ ಫಿಟ್ಸ್ ತಡೆಯುತ್ತಿರುವುದನ್ನು ಕಂಡು, ಗುಣ ಇರುವುದು ಕರಗಿಸುವ ದ್ರವದಲ್ಲೇ ಎಂದು ಪಿಯರ್ ಐಮಾರ್ ಎಂಬ ಸಂಶೋಧಕರು ಪತ್ತೆಮಾಡಿದರು.

ಆದರೆ ಆ ಹುಡುಗಿಯ ವಿಷಯದಲ್ಲಿ ನನ್ನ ಕಳವಳ ಹೆಚ್ಚು. ದಯವಿಟ್ಟು ಈ ಭಾಗವನ್ನು ಆಕೆಗೂ ಆಕೆಯ ಅವ್ವನಿಗೂ ಓದಿ ಹೇಳಿ. ಗರ್ಭದಲ್ಲಿರುವಾಗ ವಾಲ್ಪ್ರೋಯೇಟ್ ಮುಟ್ಟಿದ ಮಕ್ಕಳಲ್ಲಿ 100ಕ್ಕೆ ಸುಮಾರು 10 ಮಕ್ಕಳಿಗೆ ಬೆನ್ನುಹುರಿ, ಹೃದಯ, ತುಟಿ-ಅಂಗುಳದಂಥ ಕಡೆ ಹುಟ್ಟು ದೋಷ ಇರುತ್ತದೆ. ಇಂಥ ಗುಳಿಗೆ ಮುಟ್ಟದ ಮಕ್ಕಳಲ್ಲಿ ಇದು 100ಕ್ಕೆ ಎರಡು ಮೂರು. ವಾಲ್ಪ್ರೋಯೇಟ್ ಮುಟ್ಟಿದವರಲ್ಲಿ 100ಕ್ಕೆ 30ರಿಂದ 40 ಮಕ್ಕಳಲ್ಲಿ ಮಾತು, ಕಲಿಕೆ, ಬೆಳವಣಿಗೆ ಹಿಂದುಳಿಯುತ್ತದೆ. ಬೆನ್ನುಹುರಿ ರೂಪುಗೊಳ್ಳುವುದು ಗರ್ಭದ ಮೊದಲ ನಾಲ್ಕು ವಾರಗಳಲ್ಲಿ, ಅಂದರೆ ಮುಟ್ಟು ತಪ್ಪಿದ್ದು ಗೊತ್ತಾಗುವ ಹೊತ್ತಿಗೆ ಆ ಕೆಲಸ ಮುಗಿಯುತ್ತ ಬಂದಿರುತ್ತದೆ. ಅದಕ್ಕೇ ಬದಲಾವಣೆ ಲಗ್ನಕ್ಕಿಂತ ಮೊದಲೇ ಆಗಬೇಕು. ಲ್ಯಾಮೋಟ್ರಿಜಿನ್ ಅಥವಾ ಲೆವೆಟಿರಾಸಿಟಾಮ್ ಕಡೆಗೆ ಹೊರಳಿಸಬಹುದು. ಇವೆರಡೂ ಗರ್ಭಕ್ಕೆ ಹೆಚ್ಚು ಸುರಕ್ಷಿತ. ಲ್ಯಾಮೋಟ್ರಿಜಿನ್ ಅನ್ನು ವಾರಗಟ್ಟಲೆ ನಿಧಾನವಾಗಿ ಏರಿಸಬೇಕು, ಅದೂ ವಾಲ್ಪ್ರೋಯೇಟ್ ಜೊತೆಗಿರುವಾಗ ರಕ್ತದಲ್ಲಿ ಎರಡು ಪಟ್ಟು ಏರುವುದರಿಂದ ಇನ್ನೂ ನಿಧಾನ. ಹಾಗಾಗಿ ತಿಂಗಳುಗಳ ಸಮಯ ಬೇಕು. ಫೋಲಿಕ್ ಆಸಿಡ್ ಗುಳಿಗೆಯನ್ನು ಮೊದಲೇ ಶುರು ಮಾಡುತ್ತಾರೆ. ಲಗ್ನವಾಯಿತೆಂದು, ಬಸಿರಾದಳೆಂದು ತಾನೇ ಗುಳಿಗೆ ನಿಲ್ಲಿಸುವುದು ಮಾತ್ರ ಆಗಬಾರದು. ಬಸುರಿಗೆ ದೊಡ್ಡ ಫಿಟ್ಸ್ ಬಂದರೆ ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ.

ಗಂಡಿನ ಮನೆಯವರಿಗೆ ಹೇಳಿದ್ದೀರಾ ಎಂದು ನೀವು ಬರೆದಿಲ್ಲ, ನಾನು ಕೇಳಿಬಿಡುತ್ತೇನೆ. ಹೇಳಿ. ಮುಚ್ಚಿಟ್ಟು ಲಗ್ನವಾದ ಹೆಣ್ಣುಮಕ್ಕಳು ಗಂಡನ ಮನೆಯಲ್ಲಿ ಗುಳಿಗೆಯನ್ನೂ ಮುಚ್ಚಿಟ್ಟೇ ನುಂಗಬೇಕಾಗುತ್ತದೆ. ಅತ್ತೆ ಅಡುಗೆಮನೆಯಲ್ಲಿದ್ದಾಗ, ನೆಂಟರು ಬಂದಾಗ, ಹೊಸ ಊರಿನಲ್ಲಿ, ಒಂದೊಂದೇ ತಪ್ಪುತ್ತ ಹೋಗುತ್ತದೆ. ಮೊದಲ ತಿಂಗಳುಗಳಲ್ಲೇ ಫಿಟ್ಸ್ ಬಂದು ಎಲ್ಲವೂ ಕೆಟ್ಟ ರೀತಿಯಲ್ಲಿ ಬಯಲಾಗುತ್ತದೆ. ಇಂಥ ಹುಡುಗಿಯರನ್ನು ನಾನು ಧಾರವಾಡದ ಕಡೆಯಿಂದ, ಹಾವೇರಿ ಕಡೆಯಿಂದ ಬಹಳ ನೋಡಿದ್ದೇನೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆರೋಗವನ್ನು ಲಗ್ನಕ್ಕೆ ಅಡ್ಡಿಯೆಂದು ಇಟ್ಟಿದ್ದ ಮಾತನ್ನು 1999ರಲ್ಲೇ ತೆಗೆದುಹಾಕಿದ್ದಾರೆ. ಒಂದೇ ಗುಳಿಗೆಯಲ್ಲಿ ಪೂರ್ತಿ ಹಿಡಿತದಲ್ಲಿರುವ ಹುಡುಗಿ ಸಂಸಾರ ಮಾಡಬಹುದು, ಮಕ್ಕಳನ್ನು ಹೆರಬಹುದು, ಎದೆಹಾಲು ಕುಡಿಸಬಹುದು. ಮುಂದಿನ ಭೇಟಿಗೆ ಗಂಡಾಗುವವನನ್ನೂ ಕರೆದುಕೊಂಡು ಬರಲಿ. ವೈದ್ಯರ ಬಾಯಿಂದ ಕೇಳಿದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಬೇರನ್ನೇ ಯಾಕೆ ಕೀಳುವುದಿಲ್ಲ ಎಂದಿದ್ದೀರಿ. ಕೆಲವರಲ್ಲಿ ಕೀಳಬಹುದಾದ ಕಾರಣ ಇರುತ್ತದೆ. ಲಾಡಿಹುಳದ ತತ್ತಿ ಹೊಟ್ಟೆ ಸೇರಿ ಮರಿ ಮಿದುಳಿಗೆ ಹೋಗಿ ಗಂಟು ಕಟ್ಟುವುದು ನಮ್ಮ ದೇಶದಲ್ಲಿ ಫಿಟ್ಸಿಗೆ ದೊಡ್ಡ ಕಾರಣ. ಅದು ಸರಿಯಾಗಿ ತೊಳೆಯದ ಹಸಿ ತರಕಾರಿ, ಕೊಳಕು ನೀರಿನಿಂದ ಬರುವುದರಿಂದ ಮಾಂಸ ಮುಟ್ಟದ ಮನೆಗಳಲ್ಲೂ ಕಾಣುತ್ತದೆ. ಅದಕ್ಕೆ ಹುಳದ ಔಷಧವಿದೆ, ಗಂಟು ಕರಗಿದರೆ ಫಿಟ್ಸಿನ ಗುಳಿಗೆಯೂ ಬೇಗ ಮುಗಿಯಬಹುದು. ಗಡ್ಡೆ, ಹುಟ್ಟಿನ ಗಾಯದ ಕಲೆ ಇದ್ದವರಲ್ಲಿ ಕೆಲವರಿಗೆ ಶಸ್ತ್ರಚಿಕಿತ್ಸೆ ಸಾಧ್ಯ. ನಿಮ್ಮ ತಮ್ಮನದು ನಾನು ಊಹಿಸಿದ ಬಗೆಯೇ ಆಗಿದ್ದರೆ ಅದು ಹುಟ್ಟಿನಿಂದ ಬಂದ ಪ್ರವೃತ್ತಿ, ಎಂಆರ್‌ಐನಲ್ಲಿ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ, ಕೀಳಲು ಗಂಟೇ ಇರುವುದಿಲ್ಲ. ಇಂದು ಬಳಸುವ ಈ ಗುಳಿಗೆಗಳು ಫಿಟ್ಸ್ ಏಳದಂತೆ ತಡೆಯುತ್ತವೆ, ಆ ಪ್ರವೃತ್ತಿಯನ್ನು ಅಳಿಸುವುದಿಲ್ಲ.

ಎಷ್ಟು ವರ್ಷ ಎಂಬುದೂ ಇದರ ಮೇಲೆಯೇ ನಿಂತಿದೆ. ಹಲವು ಬಗೆಗಳಲ್ಲಿ, ಅದರಲ್ಲೂ ಮಕ್ಕಳಲ್ಲಿ, ಎರಡು ವರ್ಷ ಅಥವಾ ಹೆಚ್ಚು ಕಾಲ ಒಂದೂ ಫಿಟ್ಸ್ ಬರದಿದ್ದರೆ ತಿಂಗಳುಗಳ ಕಾಲ ಸ್ವಲ್ಪಸ್ವಲ್ಪವೇ ಇಳಿಸಿ ನಿಲ್ಲಿಸಲು ನೋಡುತ್ತೇವೆ. ಹಾಗೆ ನಿಲ್ಲಿಸಿದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಮರಳಬಹುದು. ಮುಂಜಾನೆ ಕೈ ಜಗ್ಗುವ ಬಗೆಯಲ್ಲಿ ನಿಲ್ಲಿಸಿದರೆ ಬಹುಪಾಲು ಜನರಿಗೆ ಮರಳುತ್ತದೆ, ಹಾಗಾಗಿ ಬಹಳ ವರ್ಷ ಬೇಕಾಗುತ್ತದೆ. ಇದು ಕೇಳಲು ಕಷ್ಟವೆಂದು ಬಲ್ಲೆ. ಆದರೆ ಅವನ ಬೇನೆ ಎಂಟು ತಿಂಗಳು ಒಂದೇ ಗುಳಿಗೆಗೆ, ಅದೂ ಸಣ್ಣ ಪ್ರಮಾಣಕ್ಕೆ ಬಗ್ಗಿತ್ತು ಎಂಬುದು ಒಳ್ಳೆಯ ಸೂಚನೆ. ಗ್ಲಾಸ್ಗೋದಲ್ಲಿ ನಡೆದು 2000ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 100ಕ್ಕೆ 47 ಜನರಿಗೆ ಮೊದಲ ಗುಳಿಗೆಯಲ್ಲೇ, ಇನ್ನು 13 ಜನರಿಗೆ ಎರಡನೆಯದರಲ್ಲಿ ಫಿಟ್ಸ್ ನಿಂತಿತ್ತು. ಎರಡು ಸರಿಯಾದ ಗುಳಿಗೆ ಸರಿಯಾದ ಪ್ರಮಾಣದಲ್ಲಿ ಸೋತವರಿಗಷ್ಟೇ ದಾರಿ ಕಠಿಣವಾಗುತ್ತದೆ.

ಸಿಟ್ಟಿನ ವಿಷಯ ಬಿಡುವಂತಿಲ್ಲ. ಲೆವೆಟಿರಾಸಿಟಾಮ್ ಕೆಲವರಲ್ಲಿ ಸಿಟ್ಟು, ಚಡಪಡಿಕೆ, ಅಪರೂಪಕ್ಕೆ ಜೀವ ಬೇಡವೆನಿಸುವ ಮನಸ್ಸು ತರುತ್ತದೆ. ಅವನು ಗುಳಿಗೆ ಬಿಟ್ಟದ್ದು ಆರಾಮವಾಯಿತೆಂದೋ, ಗುಳಿಗೆ ನುಂಗಿದರೆ ತಾನು ತಾನಾಗಿ ಇರುವುದಿಲ್ಲ ಎನಿಸಿತೆಂದೋ ಕೂಡಿಸಿಕೊಂಡು ಕೇಳಿ. ಅದು ಅವನ ಸ್ವಭಾವದ ತಪ್ಪಲ್ಲ, ಬೈಯಬೇಡಿ. ವೈದ್ಯರಿಗೆ ಹೇಳಿದರೆ ಪ್ರಮಾಣ ಹೊಂದಿಸಬಹುದು, ಅದೇ ದಾರಿಯ ಬ್ರಿವಾರಾಸಿಟಾಮ್‌ಗೆ ಅಥವಾ ವಾಲ್ಪ್ರೋಯೇಟ್‌ಗೆ ಬದಲಿಸಬಹುದು.

ರಾತ್ರಿ ನೀರು ಹಾಯಿಸುವ ಕೆಲಸ ಸದ್ಯಕ್ಕೆ ಬೇರೆಯವರು ಮಾಡಲಿ. ತ್ರೀಫೇಸ್ ಬರುವುದೇ ರಾತ್ರಿ, ಮನೆಯಲ್ಲಿ ದುಡಿಯುವ ಕೈ ಅವನದೇ ಎಂದರೆ ಸುಲಭವಲ್ಲ, ಗೊತ್ತು. ಆದರೆ ನಿದ್ದೆಗೇಡಿಗೆ ಇವನ ಬೇನೆ ಗುಳಿಗೆಯನ್ನೂ ಮೀರಿ ಏಳಬಲ್ಲದು. ಜಾತ್ರೆಯ ದೊಡ್ಡಾಟ, ಶಿವರಾತ್ರಿಯ ಜಾಗರಣೆಗೂ ಇದೇ ಮಾತು. ಬಾವಿ, ಕೃಷಿಹೊಂಡದ ಹತ್ತಿರ ಒಬ್ಬನೇ ಹೋಗಬಾರದು, ಟ್ರ್ಯಾಕ್ಟರು, ಬೈಕು ಸದ್ಯ ಮುಟ್ಟಬಾರದು. ಕುಡಿತ ಬೇಡ. ಮೈಕೈ ನೋವಿಗೆ ಟ್ರಮಡಾಲ್, ಜ್ವರ-ಭೇದಿಗೆ ಸಿಪ್ರೋಫ್ಲಾಕ್ಸಾಸಿನ್ ಕೊಡುವ ಮುಂಚೆ ಫಿಟ್ಸ್ ಇದೆ ಎಂದು ಹೇಳಿ, ಇವು ಫಿಟ್ಸ್ ಎಬ್ಬಿಸಬಲ್ಲವು. ಕರ್ಪೂರ ನುಂಗಿಸುವ ಮನೆಮದ್ದು ಇನ್ನೂ ಕೆಟ್ಟದ್ದು, ಅದು ನೇರವಾಗಿ ಫಿಟ್ಸ್ ತರುತ್ತದೆ. ಹೆಸರಿಲ್ಲದ ಪುಡಿಗಳಲ್ಲಿ ಫಿನೋಬಾರ್ಬಿಟಾಲ್ ಬೆರೆಸಿ ಮಾರಿದ್ದು ಪರೀಕ್ಷೆಯಲ್ಲಿ ಸಿಕ್ಕಿದ್ದಿದೆ, ಎಷ್ಟು ಇದೆ ಎಂದು ತಿಳಿಯದ ಔಷಧವನ್ನು ಹೊಟ್ಟೆಗೆ ಹಾಕಬೇಡಿ.

ಮತ್ತೆ ಬಂದರೆ ಕೈಗೆ ಕಬ್ಬಿಣ ಕೊಡುವುದು, ಉಳ್ಳಾಗಡ್ಡಿ, ಚಪ್ಪಲಿ ಮೂಸಿಸುವುದು ಬೇಡ. ಬಾಯಿಗೆ ಚಮಚ, ಬಟ್ಟೆ, ನೀರು ಏನೂ ಹಾಕಬೇಡಿ. ಸುತ್ತಲಿನ ಕಲ್ಲು, ಕುಡುಗೋಲು ಸರಿಸಿ, ಒಂದು ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಇಲ್ಲವೇ ಎಚ್ಚರವಾಗದೆಯೇ ಎರಡನೆಯದು ಬಂದರೆ 108ಕ್ಕೆ ಫೋನ್ ಮಾಡಿ. ಮಿಡಜೋಲಾಮ್ ಸ್ಪ್ರೇ ಮನೆಯಲ್ಲಿಟ್ಟುಕೊಳ್ಳಬೇಕೇ, ಎಷ್ಟು ಸಲ ಹೊಡೆಯಬೇಕು ಎಂದು ವೈದ್ಯರಿಂದ ಬರೆಸಿಕೊಳ್ಳಿ.

ಒಂದು ಹೊತ್ತು ಗುಳಿಗೆ ಮರೆತರೆ ನೆನಪಾದ ಕೂಡಲೇ ತೆಗೆದುಕೊಳ್ಳಲಿ. ಮುಂದಿನ ಹೊತ್ತು ಹತ್ತಿರವಾಗಿದ್ದರೆ ಎರಡನ್ನು ಕೂಡಿಸಿ ನುಂಗುವುದು ಬೇಡ. ಜನೌಷಧಿ ಅಂಗಡಿಯ ಗುಳಿಗೆ ಆಗುತ್ತದೆ, ಆದರೆ ತಿಂಗಳಿಗೊಂದು ಕಂಪನಿ ಬದಲಿಸಬೇಡಿ. ಮುಖ್ಯವಾಗಿ ಫೆನಿಟಾಯಿನ್ ನುಂಗುವವರು ಇದನ್ನು ನೆನಪಿಡಬೇಕು. ಅದನ್ನು ಒಡೆಯುವ ಯಕೃತ್ತಿನ ಸಾಮರ್ಥ್ಯಕ್ಕೆ ಒಂದು ಮಿತಿಯಿದೆ, ಅದು ಮುಟ್ಟಿದ ಮೇಲೆ ಸ್ವಲ್ಪ ಹೆಚ್ಚಾದರೂ ರಕ್ತದಲ್ಲಿ ದಿಢೀರನೆ ಏರಿ ತೂರಾಡುವಂತಾಗುತ್ತದೆ.

ಗದಗದ ಜಿಲ್ಲಾ ಆಸ್ಪತ್ರೆ, ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಧಾರವಾಡದ ಡಿಮ್ಹಾನ್ಸ್, ಎಲ್ಲಿ ಅನುಕೂಲವೋ ಅಲ್ಲಿ ತೋರಿಸಿ. ಡಿಮ್ಹಾನ್ಸ್ ಎಂದರೆ ಹುಚ್ಚರ ದವಾಖಾನೆ ಎಂದು ಹಿಂಜರಿಯುವವರಿದ್ದಾರೆ. ಮೂರ್ಛೆರೋಗ ಹುಚ್ಚಲ್ಲ, ಅಲ್ಲಿ ಮಿದುಳಿನ ಬೇನೆಗಳನ್ನೂ ನೋಡುತ್ತಾರೆ. ಹೋಗುವ ಮೊದಲು ಮುಂಜಾನೆ ಅವನ ಕೈ ಜಗ್ಗುವುದನ್ನು ಮೊಬೈಲಿನಲ್ಲಿ ಹಿಡಿಯಲು ಪ್ರಯತ್ನಿಸಿ. ಹತ್ತು ಸೆಕೆಂಡಿನ ವಿಡಿಯೋ ಸಾಕು. ಹಳೆಯ ಚೀಟಿಗಳು, ಗುಳಿಗೆಯ ಖಾಲಿ ಪಟ್ಟಿಗಳು, ಫಿಟ್ಸ್ ಬಂದ ತಾರೀಕುಗಳ ಬರಹ ಜೊತೆಗಿರಲಿ. ಇಇಜಿ ಮಾಡಿಸುವುದಿದ್ದರೆ ತಲೆ ತೊಳೆದುಕೊಂಡು, ಎಣ್ಣೆ ಹಚ್ಚದೆ ಬರಲಿ. ಪರೀಕ್ಷೆಯಿದೆಯೆಂದು ಆ ದಿನದ ಗುಳಿಗೆಯನ್ನು ತಾವೇ ನಿಲ್ಲಿಸಿ ಬರುವವರು ಬಹಳ ಜನ. ವೈದ್ಯರು ಹೇಳದ ಹೊರತು ಮುಂಜಾನೆಯ ಗುಳಿಗೆ ನುಂಗಿಯೇ ಬಸ್ಸು ಹತ್ತಲಿ.